ಮೆಲುದನಿಯ ಟ್ರಾನ್ಸಿಸ್ಟರ್

"ಟ್ರಾನ್ಸಿಸ್ಟರ್ ಸತ್ತಿದೆ ಅಕ್ಕಾ." ರಿಪೇರಿಯವ ಮೂರು ಕಾಲಿನ ಕರಿ ತುಣುಕೊಂದನ್ನು ಕಿತ್ತು ಅಂಗೈ ಮೇಲಿಟ್ಟು ತೋರಿಸಿದ. "ಇದು ಈಗ ಎಲ್ಲೂ ಸಿಗಲ್ಲ. ಬದಲಿಗೆ ಬೇರೆ ಯಾವುದು ಹೊಂದುತ್ತೆ ಅಂತ ನೋಡ್ಬೇಕು."

ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಯಂತ್ರ ಸಣ್ಣ ಟಾರ್ಚಿನಷ್ಟಿತ್ತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದುಹಾಕಿದ ಮೇಲೆ ಆಕೆಯ ಗಂಡ ಮಾತಾಡುತ್ತಿದ್ದುದು ಇದರಿಂದಲೇ. ಕತ್ತಿಗೆ ಒತ್ತಿಟ್ಟು ತುಟಿ ಆಡಿಸಿದರೆ ಅದರ ಗುಂಯ್ ಎನ್ನುವ ಸದ್ದೇ ಮಾತಾಗಿ ಹೊರಬರುತ್ತಿತ್ತು. ಯಂತ್ರ ಕೆಟ್ಟಿತು, ಮಾತೂ ನಿಂತಿತು. ಅಂಗಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡ ತಡವಾಯಿತೆಂದು ಚಪ್ಪಾಳೆ ತಟ್ಟಿದ. ನಾಯಿಯನ್ನು ಕರೆಯುವಂಥ ಚಪ್ಪಾಳೆ. ಆಕೆ ಅರ್ಧ ಎದ್ದು, ಮತ್ತೆ ಕೂತಳು.

"ಸೌಂಡ್ ತಿರುಗಿಸೋ ಗುಂಡಿಗೆ ಟೇಪ್ ಯಾಕೆ ಸುತ್ತಿದ್ದೀರ?"

"ನಾನಲ್ಲಪ್ಪ, ಅವರೇ. ತುದಿತನಕ ತಿರುಗಿಸಿ, ಅಲ್ಲಾಡಬಾರ್ದು ಅಂತ ಸುತ್ತಿದ್ದು. ಮಿಲ್ಲಲ್ಲಿ ಮೇಸ್ತ್ರಿ ಆಗಿದ್ರಲ್ಲ, ಮಗ್ಗದ ಸದ್ದು ಮೀರಿ ಕೂಗಿ ಕೂಗಿ ರೂಢಿ. ಈಗ ಅವರ ಕೈಕೆಳಗೆ ಉಳಿದಿರೋಳು ನಾನೊಬ್ಬಳೇ."

ರಿಪೇರಿಯವ ಡ್ರಾಯರಿನಿಂದ ಎರಡು ಟ್ರಾನ್ಸಿಸ್ಟರ್ ತೆಗೆದು ಒಂದೊಂದಾಗಿ ಮೀಟರಿಗೆ ಹಚ್ಚಿ ನೋಡಿದ. ಹೊಸ ಮಾಲಾದರೂ ಹಚ್ಚಿಯೇ ನೋಡುತ್ತಾನೆ. ಹಳೇ ನಂಬರ್ ಉಜ್ಜಿ, ಬೇಕಾದ ನಂಬರ್ ಅಚ್ಚೊತ್ತಿ ಮಾರುವ ಕಳ್ಳರಿಂದ ಕೈ ಸುಟ್ಟುಕೊಂಡವನು.

"ಇದಕ್ಕೆ ಹಳೇದರಷ್ಟೇ ತಾಕತ್ತಿದೆ. ಕಾಲುಗಳ ಕ್ರಮ ಮಾತ್ರ ಬೇರೆ. ತಿರುಚಿ, ಒಂದಕ್ಕೊಂದು ತಾಗದ ಹಾಗೆ ಪ್ಲಾಸ್ಟಿಕ್ ಸ್ಲೀವ್ ಹಾಕಿ ಕೂರಿಸಿದ್ರೆ ಆಯ್ತು. ಆ ಇನ್ನೊಂದು ಇದ್ದ ಹಾಗೇ ಕೂರುತ್ತೆ, ಆದ್ರೆ ಸೊರಗಿದ ಮಾಲು. ಎಷ್ಟು ತಿರುಗಿಸಿದ್ರೂ ಸೌಂಡ್ ಮೆಲ್ಲಗೇ ಬರೋದು."

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಆ ಸೊರಗಿದ್ದನ್ನೇ ಹಾಕಪ್ಪ."

"ಅಕ್ಕಾ, ಗೊತ್ತಿದ್ದೂ ಗೊತ್ತಿದ್ದೂ ಕಮ್ಮಿ ಮಾಲು ಹಾಕೋನಲ್ಲ ನಾನು."

"ಮಾತಾಡಬಾರ್ದು ಅಂತ ನಾನೆಲ್ಲಿ ಅಂದೆ? ನೀರು ಕೇಳ್ಲಿ, ಮಾತ್ರೆ ಕೇಳ್ಲಿ, ತಂದ್ಕೊಡ್ತೀನಿ. ಸದ್ದು ಅಡುಗೆಮನೆ ಗೋಡೆ ದಾಟಿ ಬರಬಾರ್ದು, ಅಷ್ಟೇ. ಒಂದು ಗೋಡೆಯಷ್ಟು ಕಡಿಮೆ ಮಾಡ್ಕೊಡು." ಬಿಚ್ಚಿಟ್ಟ ಯಂತ್ರದ ಕಡೆ ಬೆರಳು ತೋರಿಸಿದಳು. "ಸ್ವಂತ ಗಂಟಲಿದ್ದಾಗ ಬೈದು ಬೈದು ಸುಸ್ತಾದ್ರೂ ಆಗ್ತಿತ್ತು. ಈ ಮಷೀನಿಗೆ ದಣಿವೇ ಇಲ್ಲ ತಮ್ಮಾ."

ಅಳಲಿಲ್ಲ. ಮನೆಯ ನಲ್ಲಿ ಸೋರುತ್ತಿದೆ ಎನ್ನುವಷ್ಟೇ ಸಾಮಾನ್ಯವಾಗಿ ಹೇಳಿದಳು. ರಿಪೇರಿಯವನಿಗೆ ಮೈ ಉರಿಯಿತು. ಹೊರಗೆ ಹೋಗಿ, ಮತ್ತೆ ತಟ್ಟುತ್ತಿದ್ದ ಆ ಎರಡು ಕೈಗಳನ್ನೂ ಬೆಂಚಿಗೆ ಬಿಗಿದುಬಿಡೋಣ ಎನಿಸಿತು. ಅವನ ಕೈಲಾದದ್ದು ಇಷ್ಟೇ: ಒಳ್ಳೆಯದನ್ನು ಡ್ರಾಯರಿಗೆ ಎಸೆದು, ಸೊರಗಿದ್ದನ್ನು ಬೆಸುಗೆ ಹಾಕಿ, ಗಂಡನನ್ನು ಒಳಗೆ ಕರೆದ.

ಗಂಡ ಯಂತ್ರವನ್ನು ಕತ್ತಿಗೆ ಒತ್ತಿದ. ಬೆಂಕಿಪೊಟ್ಟಣದೊಳಗೆ ಸಿಕ್ಕಿಬಿದ್ದ ದುಂಬಿಯಷ್ಟು ಸದ್ದು ಬಂತು. ಟೇಪ್ ಕಿತ್ತು ತಿರುಗಿಸಿದ. ತುದಿ ಮುಟ್ಟಿತು. ಅಷ್ಟೇ ಸದ್ದು.

"ಹಳೇ ಮಷೀನು ಯಜಮಾನ್ರೇ. ಬದಲಿ ಟ್ರಾನ್ಸಿಸ್ಟರಲ್ಲಿ ಇಷ್ಟೇ ಬರೋದು," ಎಂದ ರಿಪೇರಿಯವ, ಮುಖ ನೋಡದೆ.

ಗಂಡ ಹೆಂಡತಿಯ ಕಡೆ ತಿರುಗಿ ಏನೋ ಅಂದ. ಆಕೆ ಆಗಲೇ ಹೊಸ್ತಿಲ ಬಳಿ ಹೋಗಿ ನಿಂತಿದ್ದಳು.

"ಏನಂದ್ರಿ? ಕೇಳಿಸ್ಲಿಲ್ಲ."

ಎಷ್ಟೋ ವರ್ಷಗಳಿಂದ ಆಡಬೇಕೆಂದಿದ್ದ ಮಾತೇನೋ ಎಂಬಂತೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು. ರಿಪೇರಿಯವ ನಗು ಬಂದು ತಲೆ ತಗ್ಗಿಸಿದ.

ತಲೆ ಎತ್ತುವಷ್ಟರಲ್ಲಿ ಗಂಡ ಹೊಸ್ತಿಲಿಗೆ ಬಂದಾಗಿತ್ತು. ಎಡಗೈಯಿಂದ ಹೆಂಡತಿಯ ಹಿಂಗತ್ತು ಹಿಡಿದು ಬಗ್ಗಿಸಿ, ಅವಳ ಕಿವಿಯನ್ನು ತನ್ನ ತುಟಿಗೇ ತಂದುಕೊಂಡ. ದುಂಬಿ ಗುಂಯ್‌ಗುಟ್ಟತೊಡಗಿತು. ಏನು ಬೈಯುತ್ತಿದ್ದಾನೆಂದು ಮೂರು ಹೆಜ್ಜೆ ಆಚೆಗಿದ್ದ ರಿಪೇರಿಯವನಿಗೂ ಕೇಳಿಸಲಿಲ್ಲ. ಆಕೆಯ ಮುಖವಷ್ಟೇ ಕಾಣುತ್ತಿತ್ತು. ಆಕೆ ಕಣ್ಣು ಮುಚ್ಚಿಕೊಂಡಿದ್ದಳು.

ಅವನು ಡ್ರಾಯರಿಗೆ ಕೈ ಹಾಕಿ, "ಯಜಮಾನ್ರೇ, ನಿಲ್ಲಿ, ಬೇರೆ ಹಾಕ್ಕೊಡ್ತೀನಿ," ಎಂದು ಕೂಗಿದ. ಗಂಡ ತಿರುಗಿ ನೋಡಲಿಲ್ಲ, ಬೇಡವೆಂದು ತಲೆಯಾಡಿಸಿದ. ಕತ್ತಿನ ಮೇಲಿನ ಕೈ ತೆಗೆಯದೆ, ಬೈಗುಳವನ್ನೂ ನಿಲ್ಲಿಸದೆ, ಅವಳನ್ನು ಪಕ್ಕಕ್ಕೆ ಒತ್ತಿಕೊಂಡೇ ಬೀದಿಗಿಳಿದ.

ಎದುರಂಗಡಿಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, ಅವರು ತಿರುವು ದಾಟುವವರೆಗೂ ನೋಡಿದ. ಆಮೇಲೆ ರಿಪೇರಿಯವನಿಗೆ ಕೇಳುವಂತೆ ಹೇಳಿದ:

"ಈ ವಯಸ್ಸಲ್ಲೂ ಎಷ್ಟು ಅನ್ಯೋನ್ಯ ನೋಡು. ನಮ್ಮನೇಲಿ ಹತ್ರ ಕೂತು ಒಂದು ಮಾತಾಡೋರಿಲ್ಲ."