ವಕೀಲಮ್ಮನ ಸೋಫಾ

ನಾಲ್ಕನೆಯ ಜೋಡಿಯೂ ರಾಜಿಯಾಗಿ, ಕೈ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋಯಿತು. ವಿಚ್ಛೇದನಕ್ಕೆಂದು ಬಂದವರು! ವಕೀಲಮ್ಮ ಸೋಫಾವನ್ನು ದುರುಗುಟ್ಟಿ ನೋಡಿ, ಅದನ್ನು ಮಾಡಿದ ಬಡಗಿಗೆ ಫೋನ್ ಮಾಡಿದರು. ಹೀಗೇ ಮುಂದುವರಿದರೆ ಕಚೇರಿಗೆ ಬೀಗ ಜಡಿಯುವುದೊಂದೇ ಬಾಕಿ.

ತಪ್ಪು ಅವರದೇ. "ಅಳುತ್ತಾ ಬರ್ತಾರೆ ಪಾಪ, ಮನೆಗೆ ಬಂದ ಹಾಗನ್ನಿಸಬೇಕು. ನಾನು ಮುದುಕಿಯಾದ್ರೂ ಸಾಮಾನು ಅಲ್ಲಾಡಬಾರದು" ಎಂದು ಎರಡು ತಿಂಗಳ ಹಿಂದೆ ತಾವೇ ಹೇಳಿದ್ದರು. ಬಡಗಿಯೋ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಆಸಾಮಿ. ಕಿಟಕಿಗೆ ಹಳದಿ ಪರದೆ, ಮೂಲೆಯಲ್ಲಿ ಮೆತ್ತನೆಯ ದೀಪ, ನಡುವೆ ಈ ಸೋಫಾ. ಎರಡು ತುದಿಯಲ್ಲಿ ಮುಖ ತಿರುಗಿಸಿ ಕೂತವರೂ ಹತ್ತು ನಿಮಿಷದಲ್ಲಿ ಮೆಲ್ಲಗೆ ನಡುವಿಗೆ ಜಾರಿ, ಭುಜಕ್ಕೆ ಭುಜ ತಾಗಿ, "ಊಟ ಆಯ್ತಾ?" ಎಂದು ಕೇಳಿಬಿಡುತ್ತಿದ್ದರು.

"ಇದನ್ನ ಬಿಚ್ಚಿ ಎರಡು ಮಾಡಿ, ಮೇಸ್ತ್ರಿ. ಗಂಡಂಗೊಂದು, ಹೆಂಡ್ತಿಗೊಂದು," ಎಂದರು ವಕೀಲಮ್ಮ, ಬಡಗಿ ಒಳಗೆ ಕಾಲಿಡುತ್ತಲೇ.

"ಬಿಚ್ಚೋದಾ? ಒಂದು ಮೊಳೆ ಇಲ್ಲ ಮೇಡಂ ಇದರಲ್ಲಿ. ಮರಕ್ಕೆ ಮರ ಕಚ್ಚಿಸಿ ಕೂರಿಸಿದ್ದೀನಿ. ನೂರು ವರ್ಷ..." ಎನ್ನುತ್ತ ಕಿಟಕಿಯಾಚೆ ನೋಡಿದವನು ಬೆಚ್ಚಿಬಿದ್ದು ಪುಸ್ತಕದ ಕಪಾಟಿನ ಹಿಂದೆ ಸೇರಿಕೊಂಡ. "ನಾನಿಲ್ಲ ಅನ್ನಿ!"

ಬಾಗಿಲು ದೂಡಿಕೊಂಡು ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಒಂದು ಸ್ಟೂಲು. ಅದಕ್ಕೆ ಮೂರೇ ಕಾಲು. ನಾಲ್ಕನೆಯದರ ಜಾಗದಲ್ಲಿ ಹಗ್ಗ ಸುತ್ತಿ ಕಟ್ಟಿದ ಒಂದು ಕೋಲು.

"ನಿಮ್ಮ ಬಡಗಿ ಹೆಂಡ್ತಿ ನಾನು. ಮನೇಲಿ ದಿನಕ್ಕೆ ನೂರು ಸಲ ವಕೀಲಮ್ಮನ ಸೋಫಾ, ವಕೀಲಮ್ಮನ ಸೋಫಾ! ನನ್ನ ಪಾಲಿಗೆ ಇಪ್ಪತ್ತೆರಡು ವರ್ಷದಿಂದ ಇದೊಂದೇ. ನಂಗೆ ಡೈವೋರ್ಸ್ ಕೊಡಿಸಿ. ಸಾಕ್ಷಿ ಇಲ್ಲಿದೆ," ಎಂದು ಸ್ಟೂಲನ್ನು ಮೇಜಿನ ಮುಂದೆ ಕುಕ್ಕಿದಳು.

ವಕೀಲಮ್ಮನಿಗೆ ಹೋದ ಜೀವ ಬಂದಂತಾಯಿತು. ಇದಪ್ಪಾ ಕೇಸು ಅಂದ್ರೆ! "ಕೂತ್ಕೊ..." ಎಂದವರು ನಾಲಿಗೆ ಕಚ್ಚಿಕೊಂಡರು. "ಬೇಡ ಬೇಡ, ನಿಂತೇ ಹೇಳಿ! ಅಲ್ಲಿ ಮಾತ್ರ ಕೂರಬೇಡಿ!"

ಅಷ್ಟರಲ್ಲಿ ಆಕೆ ಕೂತಾಗಿತ್ತು. ಕೂತವಳು ಸೋಫಾದ ನುಣುಪಾದ ಮರವನ್ನು ನಿಧಾನವಾಗಿ ಸವರಿದಳು. "ಇಷ್ಟು ಚೆನ್ನಾಗಿ ಮಾಡೋಕೆ ಬರುತ್ತಾ ಈ ಮನುಷ್ಯನಿಗೆ?" ಅವಳ ಕಣ್ಣು ತುಂಬಿ ಬಂತು.

ಕಪಾಟಿನ ಹಿಂದಿನಿಂದ ಸಣ್ಣ ದನಿ ಕೇಳಿಸಿತು. "ನಿನಗೇಂತ ಒಳ್ಳೇ ಮರ ಹುಡುಕ್ತಾ ಇದ್ದೆ ಕಣೇ."

"ಇಪ್ಪತ್ತೆರಡು ವರ್ಷವಾ?"

"ನಿನಗೆ ತಕ್ಕದ್ದು ಸಿಗಬೇಕಲ್ಲ."

ಅವಳು ತುಸು ಸರಿದು ಜಾಗ ಮಾಡಿಕೊಟ್ಟಳು. ಬಡಗಿ ಬಂದು ಕೂತ. ಈ ಸಲ ಹತ್ತು ನಿಮಿಷವೂ ಬೇಕಾಗಲಿಲ್ಲ.

"ಮಾರಾಯ್ರೇ, ಇದನ್ನ ನೀವೇ ಹೊತ್ಕೊಂಡು ಹೋಗಿ," ಎಂದು ವಕೀಲಮ್ಮ ಕೈ ಮುಗಿದರು. "ಆ ಸ್ಟೂಲು ಇಲ್ಲಿರಲಿ." ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿದು, "ನಿಧಾನ ರೀ", "ನೀನು ಎತ್ತೇ" ಎನ್ನುತ್ತ ಸೋಫಾವನ್ನು ಇಳಿಸಿಕೊಂಡು ಹೋದರು.

ಮರುದಿನ ಹೊಸ ಜೋಡಿ ಬಂತು. ಕೂರಲು ಇದ್ದದ್ದು ಅದೊಂದೇ ಸ್ಟೂಲು. ಗಂಡ ಹಿಂದೆ ಮುಂದೆ ನೋಡದೆ ತಾನೇ ಕೂತುಬಿಟ್ಟ.

"ನೋಡಿದ್ರಾ ಮೇಡಂ? ಎಂಟು ವರ್ಷದಿಂದ ಹೀಗೇ! ಮೊದಲು ಇದನ್ನೇ ಬರ್ಕೊಳ್ಳಿ," ಎಂದಳು ಹೆಂಡತಿ.

ವಕೀಲಮ್ಮ ಖುಷಿಯಿಂದ ಪೆನ್ನಿನ ಮುಚ್ಚಳ ತೆಗೆದರು. ಅದೇ ಹೊತ್ತಿಗೆ ಹಗ್ಗ ಸಡಿಲಗೊಂಡು, ಗಂಡ ಕಾಲು ಮೇಲೆ ಮಾಡಿ ದೊಪ್ಪನೆ ಬಿದ್ದ. ಹೆಂಡತಿ ಕಿಸಕ್ಕನೆ ನಕ್ಕಳು. ನಗು ತಡೆಯಲಾರದೆ ಅವನ ಪಕ್ಕದಲ್ಲೇ ನೆಲಕ್ಕೆ ಕುಸಿದು, "ಪೆಟ್ಟಾಯ್ತೇನ್ರೀ?" ಎನ್ನುತ್ತ ಅವನ ಸೊಂಟ ನೀವತೊಡಗಿದಳು.

ವಕೀಲಮ್ಮ ಪೆನ್ನಿಗೆ ಮುಚ್ಚಳ ಹಾಕಿದರು.