ಅತ್ತೆಯರು ಬಂದ ಬೆಳಗು

ಯೂನಿಸ್ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಇಳಿಸಿ ಮಂಚದ ಕೆಳಗೆ ತಳ್ಳಿದಳು. ಪರದೆ ಕಳಚಿದಳು. ಹರಿದ ಹಳೇ ಬಟ್ಟೆ ತೊಟ್ಟು ಬಾಗಿಲಲ್ಲಿ ನಿಂತಳು.

"ಬರ್ತಾರೇನಮ್ಮಾ?" ಮಗ ಮಿಲ್‌ಫೋರ್ಡ್ ಕೇಳಿದ.

"ನಿನ್ನಪ್ಪನ ಅಕ್ಕತಂಗೀರು ಕಣೋ, ಸುಮ್ನೆ ಬಿಡ್ತಾರಾ? ಆ ಅಲ್ಬರ್ಟಾ ಮೊದಲು ನನ್ನ ಜುಟ್ಟಿಗೇ ಕೈ ಹಾಕ್ತಾಳೆ ನೋಡ್ತಿರು."

ಒಳಗೆ ಮದುಮಗಳು ರೊವೀನಾ ಕಲ್ಲಿನ ಮೇಲೆ ನೀಲಿ ಮೆಕ್ಕೆಜೋಳ ಅರೆಯುತ್ತಿದ್ದಳು. ಆಗಾಗ ಕೈ ನಿಲ್ಲುತ್ತಿತ್ತು. ಅವಳ ಕಿವಿಯೂ ದಾರಿಯ ಕಡೆಗೇ ಇತ್ತು.

ಮಿಲ್‌ಫೋರ್ಡ್‌ನ ತಾಯಿ ಟೇವಾ ಬುಡಕಟ್ಟಿನವಳು, ತಂದೆ ಹೋಪಿ ಬುಡಕಟ್ಟಿನವನು. ಅವನು ನೀರಿನ ಇಂಜಿನಿಯರ್. ಅರಿಜೋನಾದ ಬುಡಕಟ್ಟು ಊರುಗಳಿಗೆಲ್ಲ ನಲ್ಲಿ ಹಾಕಿಸುತ್ತಾ ಹಾಕಿಸುತ್ತಾ ಅವನ ತಲೆಯೇ ನರೆತುಹೋಯಿತು. ಕೊನೆಗೆ ಅಪ್ಪನ ಊರಿನ ಸರದಿ ಬಂತು. "ನಮ್ಮ ಬಾವಿ ನೀರು ಒಂಚೂರು ನೋಡೋ ನನ್ನ ಗಂಡ" ಎಂದು ಬಾಟಲಿ ತುಂಬಿಸಿ ಕೊಟ್ಟವಳೇ ಅಲ್ಬರ್ಟತ್ತೆ. ಅವನು ತೊಟ್ಟಿಲಲ್ಲಿದ್ದಾಗಿನಿಂದ ಹಾಗೇ ರೇಗಿಸುತ್ತಿದ್ದಳು.

ನೀರಿನಲ್ಲಿ ಆರ್ಸೆನಿಕ್ ವಿಷವಿತ್ತು. ಅವನು ಬಾವಿ ಮುಚ್ಚಿಸಿದ. ಅದನ್ನು ತೋಡಿದವನು ಸತ್ತುಹೋದ ಅವನಪ್ಪ. ಊರ ಸಭೆಯಲ್ಲಿ ಅದೇ ಅತ್ತೆ ಎದ್ದು ನಿಂತು, "ನಮ್ಮಣ್ಣ ಬಿಟ್ಟುಹೋಗಿದ್ದು ಅದೊಂದೇ. ಅದಕ್ಕೂ ಕಲ್ಲು ಹಾಕಿದ್ಯಲ್ಲೋ, ದ್ರೋಹಿ!" ಎಂದು ಕಿರುಚಿದಳು. ಪರೀಕ್ಷೆ ಮಾಡು ಅಂದವಳೇ ಹೀಗೆ ತಿರುಗಿಬಿದ್ದರೆ ಯಾರಿಗೆ ಹೇಳಿಕೊಳ್ಳುವುದು? ಆವತ್ತಿನಿಂದ ಅವನಿಗೆ ಅನ್ನ ನೆಟ್ಟಗೆ ಇಳಿದಿರಲಿಲ್ಲ.

ಹೊತ್ತೇರಿತು. ದಾರಿಯಲ್ಲಿ ಹೆಂಗಸರ ಗುಂಪು ಕಾಣಿಸಿತು, ಮುಂದೆ ಅಲ್ಬರ್ಟಾ. ಮಿಲ್‌ಫೋರ್ಡ್ ಅಮ್ಮನ ಪಕ್ಕಕ್ಕೆ ಬಂದು ನಿಂತ.

ಬಂದವರೆಲ್ಲ ಹೊಸ ಶಾಲು ಹೊದ್ದಿದ್ದರು. ಅಲ್ಬರ್ಟಾ ನೆಟ್ಟಗೆ ಒಳಗೆ ಹೋಗಿ ರೊವೀನಾಳ ಗಲ್ಲ ಸವರಿದಳು. "ಎಷ್ಟು ಲಕ್ಷಣವಾಗಿದ್ದೀಯಮ್ಮಾ! ಕೆಲಸಕ್ಕೂ ಗಟ್ಟಿಗಿತ್ತಿ ಅಂತಾರೆ. ನಮಗೆಲ್ಲ ತುಂಬಾ ಸಂತೋಷ."

ಆಮೇಲೆ ಮಿಲ್‌ಫೋರ್ಡ್‌ನ ಕೈ ಕುಲುಕಿದಳು. "ಇಬ್ಬರೂ ಚೆನ್ನಾಗಿ ಬಾಳಿ, ಇಂಜಿನಿಯರ್ ಸಾಹೇಬರೇ."

ಬಂದಷ್ಟೇ ಮೆತ್ತಗೆ ಹೊರಟರು. ಯೂನಿಸ್ ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಮಿಲ್‌ಫೋರ್ಡ್ ಬರಿಗಾಲಲ್ಲೇ ಅವರ ಹಿಂದೆ ಓಡಿದ.

"ಅತ್ತೇ! ಒಂದೇ ಒಂದು ಸಲ ಬೈದು ಹೋಗೇ, ಅತ್ತೇ!"

ಯಾರೂ ತಿರುಗಿ ನೋಡಲಿಲ್ಲ.

ತಮ್ಮ ಸೋದರಳಿಯ ಮದುವೆಯಾದರೆ ಆ ಸೀಮೆಯ ಸೋದರತ್ತೆಯರು ಬಕೆಟ್‌ಗಟ್ಟಲೆ ಕೆಸರು ಹೊತ್ತು ನುಗ್ಗುತ್ತಾರೆ, ನಮ್ಮ ಗಂಡನನ್ನು ಕದ್ದಳೆಂದು ಹೆಣ್ಣನ್ನು ಬಾಯಿಗೆ ಬಂದಂತೆ ಬೈಯುತ್ತಾರೆ, ಅವನ ತಾಯಿಗೂ ಗೋಡೆಗೂ ಕೆಸರು ಮೆತ್ತಿ ನಕ್ಕು ಹೋಗುತ್ತಾರೆ. ಶಾಲು ಹೊದ್ದು ಒಳ್ಳೆಯ ಮಾತಾಡಿ ಹೋಗುವುದು ಪರರ ಮಗನ ಮದುವೆಯಲ್ಲಿ.