ಗಾಳಿ ಬಿಡದ ವಾಲ್ವ್

2023ರ ನವೆಂಬರ್ 16, ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಜೀವನ್ ಬಿಮಾ ನಗರದ ತಮ್ಮ ಮನೆಯ ಗೇಟಿನೊಳಗೆ, ಸ್ಕೂಟರಿನ ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ ಅನಂತರಾಮು ಗಾಳಿ ಅಳೆಯುವ ಗೇಜನ್ನು ಕಣ್ಣಿನ ಹತ್ತಿರ ಹಿಡಿದು, "ಕಳ್ಳ!" ಎಂದರು.

ಇಪ್ಪತ್ತೊಂಬತ್ತು ಪೌಂಡ್. ನಿನ್ನೆ ಬೆಳಿಗ್ಗೆ ಸರಿಯಾಗಿ ಮೂವತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ವಾಲ್ವ್ ಸೋರುತ್ತಿದೆ ಎನ್ನುತ್ತಿದ್ದರು. ಆದರೆ ಈ ವಾಲ್ವನ್ನು ಕಂಡುಹಿಡಿದವರೇ ಅನಂತರಾಮು. ವಿಮಾನದ ಕಾರ್ಖಾನೆಯಲ್ಲಿ ಎಣ್ಣೆ, ಗಾಳಿ ಹರಿಸುವ ವಾಲ್ವುಗಳ ನಡುವೆಯೇ ಕೂದಲು ನರೆಸಿಕೊಂಡು ನಿವೃತ್ತರಾದವರು, ಆಮೇಲಿನ ಆರು ವರ್ಷ ಮನೆಯ ಗ್ಯಾರೇಜಿನಲ್ಲಿ ಕೂತು ಇದನ್ನು ಕಡೆದಿದ್ದರು. ಒಳಗೆ ಎರಡು ಮುಚ್ಚಳ, ಎರಡು ಸ್ಪ್ರಿಂಗು. ತಾನಾಗಿ ಸೋರುವ ಮಾತೇ ಇಲ್ಲ. ನಡುವಿನ ಕಡ್ಡಿಯನ್ನು ಹೊರಗಿನಿಂದ ಒತ್ತಿದರೆ ಮಾತ್ರ ಗಾಳಿಗೆ ದಾರಿ. ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿದ್ದರು, ಒಂದು ಗುಳ್ಳೆಯೂ ಎದ್ದಿರಲಿಲ್ಲ. ಚಳಿಗೆ ಗಾಳಿ ಕುಗ್ಗುವುದನ್ನೂ ಲೆಕ್ಕ ಹಾಕಿ ಕಳೆದಿದ್ದರು. ಉಳಿದದ್ದು ಒಂದೇ ತೀರ್ಮಾನ: ಯಾವುದೋ ಕೈ ಆ ಕಡ್ಡಿಯನ್ನು ಒತ್ತುತ್ತಿದೆ.

ಸೋಮವಾರ ಹೊಸೂರಿನ ಕಂಪನಿಯೊಂದರಿಂದ ಪ್ರಿಯಂವದಾ ಎಂಬ ಎಂಜಿನಿಯರ್ ಪರೀಕ್ಷೆಗೆ ಬರುವವರಿದ್ದರು. ಗಾಳಿ ನಿಂತರೆ ವಾಲ್ವ್ ಕಾರ್ಖಾನೆ ಸೇರುತ್ತದೆ. ಇಳಿದರೆ ಆರು ವರ್ಷದ ದುಡಿಮೆ ಗುಜರಿ ಅಂಗಡಿ ಸೇರುತ್ತದೆ.

ಕೈ ಯಾರದ್ದು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಪಕ್ಕದ ಮನೆಯ ಕೆಂಪರಾಜ್! ಕೋಡಿಹಳ್ಳಿಯ ಹಳೇ ಒಕ್ಕಲು. ಈ ಸಾಲಿನ ಮನೆಗಳೆಲ್ಲ ನಿಂತಿರುವುದು ತನ್ನ ತಾತನ ರಾಗಿ ಹೊಲದ ಮೇಲೆ ಎಂದು ಸಿಕ್ಕಾಗಲೆಲ್ಲ ನೆನಪಿಸುವವನು. ಅವನ ಕಾರು ಇವರ ಗೇಟಿಗೆ ಅಡ್ಡ ನಿಲ್ಲುವ ವಿಷಯಕ್ಕೆ ಇಬ್ಬರ ನಡುವೆ ಮಾತು ಹಳಸಿತ್ತು.

ಶುಕ್ರವಾರ ಕಾವಲು ಶುರುವಾಯಿತು. ಅನಂತರಾಮು ಸ್ಕೂಟರಿನ ಎದುರು ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ಕೂತರು. ಗಂಟೆಗೊಮ್ಮೆ ಎದ್ದು ಗಾಳಿ ನೋಡಿದರು. ಕತ್ತಲಾಗುವಷ್ಟರಲ್ಲಿ ಆರು ಪೌಂಡ್ ಮಾಯ.

"ನೋಡಿದ್ಯಾ? ಕಾವಲು ಹೆಚ್ಚಿದಷ್ಟೂ ಕಳ್ಳನಿಗೆ ಧೈರ್ಯ ಹೆಚ್ಚುತ್ತಿದೆ!"

ಜಗಲಿಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಹೆಂಡತಿ ಸುಬ್ಬಲಕ್ಷ್ಮಿ ತಲೆ ಎತ್ತಲಿಲ್ಲ. "ಮಗಳಿಗೆ ಟೈಫಾಯ್ಡ್ ಬಂದಾಗ್ಲೂ ನೀವು ಇಷ್ಟು ಸಲ ಥರ್ಮಾಮೀಟರ್ ಇಡ್ಲಿಲ್ಲ ಬಿಡಿ. ಅಷ್ಟಕ್ಕೂ ಕೆಂಪರಾಜ್ ಊರಲ್ಲೇ ಇಲ್ಲ ಕಣ್ರೀ. ಮಾಲೂರಲ್ಲಿ ಮದ್ವೆ ಅಂತ ನಿನ್ನೇನೇ ಹೋದ್ರು."

"ಅದೇ ಮತ್ತೆ! ತಪ್ಪು ಮಾಡದವನು ಊರು ಬಿಟ್ಟು ಯಾಕೆ ಹೋಗ್ತಾನೆ?"

ಶನಿವಾರ ಬಲೆ ಒಡ್ಡಿದರು. ರಬ್ಬರ್ ಸ್ಟ್ಯಾಂಪಿನ ನೀಲಿ ಶಾಯಿಯನ್ನು ಕಡ್ಡಿಯ ತುದಿಗೆ, ವಾಲ್ವಿನ ಬಾಯಿಗೆ ದಪ್ಪಗೆ ಸವರಿ ಬಿಟ್ಟರು. ಮುಟ್ಟಿದವನ ಕೈ ತಾನೇ ಹೇಳಲಿ ಎಂದು. ಭಾನುವಾರ ಮಧ್ಯಾಹ್ನ ಕೆಂಪರಾಜ್ ಮದುವೆ ಮುಗಿಸಿ ಕಾರಿಳಿದದ್ದೇ ತಡ, ಕಾಂಪೌಂಡಿನ ಮೇಲಿಂದ ಬಗ್ಗಿ ಅವನ ಎರಡೂ ಅಂಗೈ ಹಿಡಿದು ತಿರುಗಿಸಿದರು.

"ಏನ್ ಸಾರ್, ಕೈ ನೋಡಿ ಭವಿಷ್ಯ ಹೇಳೋಕೆ ಶುರು ಮಾಡ್ಬಿಟ್ರಾ?"

"ಕೈ ತೊಳ್ಕೊಂಡಿದೀಯ."

"ಮದ್ವೆ ಊಟ ಸಾರ್. ತೊಳೀದೆ ಬರೋಕಾಗುತ್ತಾ?"

"ನನ್ನ ಟೈರಿನ ಗಾಳಿ ಬಿಡ್ತಿರೋನು ನೀನೇ."

"ನಿಮ್ ಗಾಳಿ ತಗೊಂಡು ನಾನೇನ್ ಮಾಡ್ಲಿ ಸಾರ್, ಉಪ್ಪಿನಕಾಯಿ ಹಾಕ್ಲಾ?" ಕೆಂಪರಾಜ್ ತನ್ನನ್ನು ಹಿಡಿದ ಬೆರಳುಗಳನ್ನು ನೋಡಿದ. "ನೀಲಿ ಆಗಿರೋದು ನಿಮ್ ಕೈಯಲ್ವಾ?"

"ಹಚ್ಚಿದವನ ಕೈಗೆ ಅಂಟದೆ ಇರುತ್ತಾ?" ಎಂದು ಅನಂತರಾಮು ಗದರಿದರು.

ಸೋಮವಾರ ಹತ್ತು ಗಂಟೆಗೆ ಪ್ರಿಯಂವದಾ ಬಂದರು. ವಾಲ್ವಿನ ಬಾಯಿಗೆ ಸೋಪಿನ ನೀರು ಬಿಟ್ಟರು, ಗುಳ್ಳೆ ಇಲ್ಲ. ಮೂವತ್ತು ಪೌಂಡ್ ತುಂಬಿಸಿ, ಒಂದು ಗಂಟೆ ಕಾಯೋಣ ಎಂದರು. ಅನಂತರಾಮು ಕೆಂಪರಾಜನನ್ನೂ ಕರೆದು ಎಲ್ಲರಿಗೂ ಕಾಣುವಂತೆ ಕುರ್ಚಿಯಲ್ಲಿ ಕೂರಿಸಿದರು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ತಲೆಯ ಮೇಲೆ, ಅಲುಗಾಡಬಾರದೆಂದು ಅಪ್ಪಣೆ. ಸುಬ್ಬಲಕ್ಷ್ಮಿ ಚಕ್ಕುಲಿ ತಂದಿಟ್ಟರು. ಯಾರೂ ಸ್ಕೂಟರಿನ ಹತ್ತಿರ ಸುಳಿಯಲಿಲ್ಲ. ಅನಂತರಾಮು ಮಾತ್ರ ಆಗಾಗ ಎದ್ದು ಹೋಗಿ ಗಾಳಿ ನೋಡಿ, ಇನ್ನಷ್ಟು ಬೆವತು, ಬಂದು ಕೂರುತ್ತಿದ್ದರು.

ಗಂಟೆ ಮುಗಿಯಿತು. ಇಪ್ಪತ್ತೇಳು.

"ಮೇಡಂ, ಕೂತಲ್ಲಿಂದಲೇ ಬಿಡ್ತಿದ್ದಾನೆ ಇವನು! ಕಿಸೆ ತೋರಿಸೋ!"

ಕೆಂಪರಾಜ್ ಕಿಸೆ ಖಾಲಿ ಮಾಡಿದ. ಕಾರಿನ ಕೀ, ತಾಂಬೂಲದ ಅಡಿಕೆ, ಮುದುಡಿದ ಕರವಸ್ತ್ರ. "ಇನ್ನು ಪಂಚೆ ಒಂದ್ ಬಾಕಿ ಸಾರ್. ಹೆಂಗಸರಿದಾರೆ, ಬೇಡ."

ಅನಂತರಾಮು ಕುರ್ಚಿಗೆ ಕುಸಿದರು. ಕಣ್ಣಲ್ಲಿ ನೀರು ತುಂಬಿತ್ತು. "ಆರು ವರ್ಷ ಮೇಡಂ," ಎಂದರು.

"ವಾಲ್ವಲ್ಲಿ ಏನೂ ತೊಂದ್ರೆ ಇಲ್ಲ ಸಾರ್, ನಾವು ತಗೋತೀವಿ," ಎಂದರು ಪ್ರಿಯಂವದಾ. "ನೀವು ಹೇಳಿದ್ದೂ ನಿಜ. ಕಡ್ಡೀನ ಒಂದು ಕೈ ಒತ್ತುತ್ತಾನೇ ಇದೆ. ಗೇಜ್ ಸ್ವಲ್ಪ ಕೊಡಿ."

ಎಲ್ಲರೂ ಕೆಂಪರಾಜನನ್ನು ನೋಡಿದರು. ಅವನು ಲೋಟ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ.

ಪ್ರಿಯಂವದಾ ಚಕ್ರದ ಮುಂದೆ ಕೂತು ಗೇಜನ್ನು ವಾಲ್ವಿಗೆ ಒತ್ತಿದರು. ಟುಸ್. ಇಪ್ಪತ್ತಾರೂವರೆ. ಕೂತಲ್ಲಿಂದ ಏಳದೆ, ಯಾರ ಕಡೆಗೂ ನೋಡದೆ, ಮತ್ತೆ ಒತ್ತಿದರು. ಟುಸ್. ಇಪ್ಪತ್ತಾರು.

ಗಾಳಿ ಇದೆಯೇ ಎಂದು ಒಂದು ಸಲ ಗೇಜಿಟ್ಟು ನೋಡುವುದಕ್ಕೆ ಖರ್ಚಾಗುವ ಗಾಳಿ, ಅರ್ಧ ಪೌಂಡ್.